ಮೈ ಜುಂ ಅಂದಿತು, ತಲೆ ಗಿರ್ ಅಂದಿತು: ಈ ಹಾರರ್ ಕಾದಂಬರಿ ನಿಮಗೆ ಅರ್ಥವಾಯಿತಾ?

ಹಗಲುಗೂಬೆ:

ಎಲ್ಲರೂ ಒಟ್ಟಿಗೆ ಓದೋಣ ಅಂತ ಆರಿಸಿದ್ದ ಕಾದಂಬರಿ ಮುಗಿಸಿದೆ. ಹೆಸರು ಬರೆಯುವುದಿಲ್ಲ. ಓದದವರು ಹುಡುಕಿಕೊಂಡು ಬಂದು, ಕೊನೆ ತಿಳಿದುಕೊಂಡು, ಆಮೇಲೆ ನನಗೆ ಬೈಯುವುದು ಬೇಡ. ಕೆಳಗೆ ಎಲ್ಲ ಗುಟ್ಟೂ ರಟ್ಟಾಗುತ್ತದೆ, ಅರ್ಧದಲ್ಲಿರುವವರು ಈಗಲೇ ಹೊರಡಿ.

ಮೊದಲು ಹೊಗಳಿಬಿಡುತ್ತೇನೆ. ಹೆದರಿಸುವುದರಲ್ಲಿ ಪುಸ್ತಕ ಪಕ್ಕಾ. ರಕ್ತ ಇಲ್ಲ, ಕಿರುಚಾಟ ಇಲ್ಲ. ಹದಿನೈದು ವರ್ಷದ ಹುಡುಗಿ, ಏಳು ವರ್ಷದ ತಮ್ಮ, ಅಪ್ಪ, ಮೂವರೇ. ಹಿನ್ನೀರಿನ ದಂಡೆಯ ಹಳೇ ಮನೆಗೆ ಬರುತ್ತಾರೆ. ಅಮ್ಮ ಸತ್ತಳೋ ಬಿಟ್ಟು ಹೋದಳೋ ಯಾರೂ ಬಾಯಿ ಬಿಡುವುದಿಲ್ಲ. ಹುಡುಗಿಯ ಕೋಣೆಯ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ ಗೆರೆಗಳಿವೆ, ಮಕ್ಕಳನ್ನು ನಿಲ್ಲಿಸಿ ಎತ್ತರ ಗುರುತು ಹಾಕುತ್ತೀವಲ್ಲ, ಅಂಥವು. ಪಕ್ಕದಲ್ಲಿ ತಾರೀಖು. ಎಲ್ಲ ಮನೆಯಲ್ಲೂ ಗೆರೆ ವರ್ಷ ಕಳೆದ ಹಾಗೆ ಮೇಲೆ ಹೋಗುತ್ತದೆ. ಇಲ್ಲಿ ಕೆಳಗೆ ಇಳಿಯುತ್ತದೆ. ಮೊದಲ ಗೆರೆ ಅವಳ ಭುಜದ ಮಟ್ಟಕ್ಕೆ, ಮುಂದಿನ ವರ್ಷದ್ದು ಎದೆಗೆ, ಅದರ ಮುಂದಿನದು ಸೊಂಟಕ್ಕೆ. ಕೊನೆಯದು ಮೊಣಕಾಲಿನ ಹತ್ತಿರ, ಅದರ ಪಕ್ಕದ ತಾರೀಖು ಇನ್ನೂ ಬಂದೇ ಇಲ್ಲ. ಅವಳು ಮಂಡಿಯೂರಿ ಕೂತು ಅದನ್ನು ಓದುವ ಪುಟ ಇದೆಯಲ್ಲ, ಅಲ್ಲಿಗೆ ನಾನು ಎದ್ದು ದೀಪ ಹಾಕಿದೆ.

ಇಷ್ಟು ಚೆನ್ನಾಗಿ ಶುರುವಾದ ಪುಸ್ತಕ ಆಮೇಲೆ ಯಾವ ಕಡೆ ಹೋಯಿತು ಅಂತಲೇ ತಿಳಿಯಲಿಲ್ಲ. ಊಟಕ್ಕೆ ನಾಲ್ಕು ತಟ್ಟೆ ಇಟ್ಟವರು ಯಾರು? ರಾತ್ರಿ ಅವಳ ಎದೆಯ ಮೇಲೆ ಕೂರುವುದು ಏನು? ಮುಳುಗಿದ ಊರಿನ ಕಥೆ ನಡುವೆ ಯಾಕೆ ಬಂತು? ಎಲ್ಲಕ್ಕಿಂತ ದೊಡ್ಡ ತಲೆನೋವು ಕೊನೇ ಅಧ್ಯಾಯ. ಅಲ್ಲಿ "ನಾನು" ಅಂತ ಮಾತಾಡುತ್ತಿರುವುದು ಆ ಹುಡುಗಿ ಅಂತೂ ಅಲ್ಲ, ಹಾಗಾದರೆ ಯಾರು? ಇದು ಬೇಕೆಂದೇ ಮಾಡಿದ ಗೊಂದಲವೋ, ಇಲ್ಲ ಬರೆದವರಿಗೇ ಕೊನೆ ಗೊತ್ತಿರಲಿಲ್ಲವೋ? ನನಗೆ ಎರಡನೆಯದೇ ಜಾಸ್ತಿ ಅನ್ನಿಸುತ್ತಿದೆ. ನೀವು ಹೇಳಿ.

ಕರಿಬೆಕ್ಕು:

ಎರಡನೆಯದೇ. ನಿಮ್ಮ ಜೊತೆ ನಾನಿದ್ದೇನೆ. ಪ್ರಶ್ನೆ ಎಬ್ಬಿಸುವುದು ಸುಲಭ, ಯಾರು ಬೇಕಾದರೂ ಎಬ್ಬಿಸಬಹುದು. ಖಾಲಿ ಕೋಣೆಯಲ್ಲಿ ಕುರ್ಚಿ ಜರುಗಿತು ಅಂತ ಬರೆದರೆ ಸಾಕು, ಓದುಗ ಬೆಚ್ಚುತ್ತಾನೆ. ಜರುಗಿಸಿದ್ದು ಯಾರು ಅಂತ ಹೇಳುವುದೇ ಕಷ್ಟದ ಕೆಲಸ. ಅದನ್ನು ಮಾಡದೆ "ಓದುಗರ ಕಲ್ಪನೆಗೆ ಬಿಟ್ಟಿದ್ದೇನೆ" ಅಂದರೆ ಆಗುತ್ತದಾ? ಹರೆಯದ ಮಕ್ಕಳ ಪುಸ್ತಕದಲ್ಲಂತೂ ಇದು ಮೋಸ.

ಮಡಚಿದ ಪುಟ:

ಕರಿಬೆಕ್ಕು ಅವರೇ, ಸ್ವಲ್ಪ ತಡೆಯಿರಿ. ಉತ್ತರ ಕೊಡದೆ ಇರುವುದೇ ಮೋಸ ಅಂದರೆ ಹೆನ್ರಿ ಜೇಮ್ಸ್ ಕೂಡ ಮೋಸಗಾರನೇ. 1898ರಲ್ಲಿ ಬಂದ ಅವನ "ದಿ ಟರ್ನ್ ಆಫ್ ದಿ ಸ್ಕ್ರೂ" ಕಥೆಯಲ್ಲಿ ಎರಡು ಮಕ್ಕಳನ್ನು ನೋಡಿಕೊಳ್ಳುವ ಹೆಂಗಸಿಗೆ ದೆವ್ವಗಳು ಕಾಣುತ್ತವೆ. ಅವು ನಿಜವಾಗಿ ಇವೆಯೋ, ಇಲ್ಲ ಅವಳ ತಲೆಯೊಳಗೆ ಮಾತ್ರ ಇವೆಯೋ ಅಂತ ಅವನು ಹೇಳಲೇ ಇಲ್ಲ. 1934ರಲ್ಲಿ ಎಡ್ಮಂಡ್ ವಿಲ್ಸನ್ ಅನ್ನುವ ವಿಮರ್ಶಕ ದೆವ್ವ ಇಲ್ಲ, ಎಲ್ಲ ಅವಳ ಭ್ರಮೆ ಅಂತ ಬರೆದ. ಇಲ್ಲ, ದೆವ್ವ ಇದೆ ಅಂತ ಇನ್ನೊಂದು ಗುಂಪು ಎದ್ದಿತು. ಆ ಜಗಳ ಇವತ್ತಿಗೂ ಮುಗಿದಿಲ್ಲ.

ಇಂಥ ಬರವಣಿಗೆಯ ಮೇಲೆ ತ್ಸ್ವೆತಾನ್ ತೊದೊರೊವ್ ಅನ್ನುವ ಸಾಹಿತ್ಯ ಚಿಂತಕ 1970ರಲ್ಲಿ ಒಂದು ಪುಸ್ತಕವನ್ನೇ ಬರೆದ. ಸರಳವಾಗಿ ಹೇಳಬೇಕೆಂದರೆ, ವಿಚಿತ್ರವಾದದ್ದು ಏನೋ ನಡೆಯುತ್ತದೆ, ಅದಕ್ಕೆ ಲೋಕದ ಕಾರಣ ಇದೆಯಾ ಅಥವಾ ಲೋಕದಾಚೆಯದಾ ಅಂತ ಓದುಗ ಹಿಂದೆ ಮುಂದೆ ನೋಡುತ್ತಾ ನಿಲ್ಲುತ್ತಾನಲ್ಲ, ಆ ಅನುಮಾನವೇ ಈ ಜಾತಿಯ ಕಥೆಯ ಜೀವ. ಯಾವುದೋ ಒಂದು ಕಡೆಗೆ ತೀರ್ಮಾನ ಆದ ಕೂಡಲೇ ಅದು ಬೇರೆ ಥರದ ಕಥೆ ಆಗಿಬಿಡುತ್ತದೆ.

ಹಾಗಂತ ಈ ಕಾದಂಬರಿಗೆ ಪೂರ್ತಿ ಅಂಕ ಕೊಡುತ್ತಿಲ್ಲ. ಉತ್ತರ ಇಲ್ಲದಿದ್ದರೂ ಪರವಾಗಿಲ್ಲ, ಆದರೆ ಸುಳಿವು ಇರಬೇಕು. ಎರಡು ದಾರಿಯಲ್ಲಿ ಯಾವುದನ್ನು ಹಿಡಿದರೂ ಒಂದಷ್ಟು ದೂರ ಹೋಗುವಂತಿರಬೇಕು. ಇಲ್ಲಿ ಹಾಗೆ ಇದೆಯಾ ಅಂತ ನೋಡಬೇಕು.

ಅರೆನಿದ್ದೆ:

ಒಂದು ದಾರಿ ಅಂತೂ ಪಕ್ಕಾ ಇದೆ. ಬಾಯ್ಲರ್!

ನಗಬೇಡಿ. ನೆಲಮಾಳಿಗೆಯ ಹಳೇ ಬಾಯ್ಲರ್ ಗುಡುಗುಡು ಅನ್ನುವುದು ಎಷ್ಟು ಸಲ ಬರುತ್ತದೆ ಗಮನಿಸಿದ್ದೀರಾ? ಅಪ್ಪ "ಮುಂದಿನ ವಾರ ರಿಪೇರಿಯವರನ್ನು ಕರೆಸುತ್ತೇನೆ" ಅನ್ನುತ್ತಲೇ ಇರುತ್ತಾನೆ, ಕರೆಸುವುದಿಲ್ಲ. ಹುಡುಗಿಗೆ ಬೆಳಿಗ್ಗೆ ಎದ್ದರೆ ತಲೆನೋವು. ಶಾಲೆಗೆ ಹೋದ ಸ್ವಲ್ಪ ಹೊತ್ತಿಗೆ ಕಡಿಮೆಯಾಗುತ್ತದೆ. ಮನೆಗೆ ಬಂದರೆ ಮತ್ತೆ ಶುರು. ಕಿಟಕಿ ಮುಚ್ಚಿ ಮಲಗಿದ ರಾತ್ರಿಗಳಲ್ಲೇ ಹೆಜ್ಜೆ ಸದ್ದು ಕೇಳುತ್ತದೆ. ಇದು ಕಾರ್ಬನ್ ಮೊನಾಕ್ಸೈಡ್ ರೀ. ಬಣ್ಣ ಇಲ್ಲ, ವಾಸನೆ ಇಲ್ಲ. ಉರುವಲು ಸರಿಯಾಗಿ ಉರಿಯದಿದ್ದರೆ ಹುಟ್ಟುತ್ತದೆ, ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದುಕೊಂಡುಬಿಡುತ್ತದೆ. ತಲೆನೋವು, ತಲೆಸುತ್ತು, ಗಲಿಬಿಲಿ, ಜಾಸ್ತಿಯಾದರೆ ಸಾವು.

ಇದು ನನ್ನ ಕಟ್ಟುಕಥೆ ಅಲ್ಲ. ವಿಲಿಯಂ ವಿಲ್ಮರ್ ಅನ್ನುವ ಅಮೆರಿಕದ ಕಣ್ಣಿನ ವೈದ್ಯರು 1921ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಕುಟುಂಬದ ಕಥೆ ಪ್ರಕಟಿಸಿದ್ದಾರೆ. ಹೊಸ ಮನೆಗೆ ಬಂದ ಮೇಲೆ ಆ ಮನೆಯವರಿಗೆ ತಲೆನೋವು, ಸುಸ್ತು, ರಾತ್ರಿ ಹೆಜ್ಜೆ ಸದ್ದು, ಕಣ್ಣೆದುರು ಆಕೃತಿಗಳು. ಕೊನೆಗೆ ನೋಡಿದರೆ ಮನೆ ಬೆಚ್ಚಗಿಡುವ ಒಲೆ ಕೆಟ್ಟು, ಹೊಗೆ ಕೊಳವೆಯಲ್ಲಿ ಹೋಗುವ ಬದಲು ಮನೆಯೊಳಗೆ ಸೇರುತ್ತಿತ್ತು. ಅದನ್ನು ಸರಿಮಾಡಿದ ಮೇಲೆ ದೆವ್ವಗಳೂ ಹೋದವು.

ಎದೆಯ ಮೇಲೆ ಕೂರುವುದಕ್ಕೂ ಕಾರಣ ಇದೆ. ಕನಸು ಬೀಳುವ ಹೊತ್ತಿನ ನಿದ್ದೆಯಲ್ಲಿ ಮೆದುಳು ಮೈಯ ಸ್ನಾಯುಗಳನ್ನು ಸಡಿಲ ಬಿಟ್ಟಿರುತ್ತದೆ, ಇಲ್ಲದಿದ್ದರೆ ಕನಸಿನಲ್ಲಿ ಓಡಿದರೆ ನಿಜವಾಗಿ ಓಡಿಬಿಡುತ್ತೀವಿ. ಒಮ್ಮೊಮ್ಮೆ ಮನಸ್ಸು ಮೊದಲು ಏಳುತ್ತದೆ, ಮೈ ಇನ್ನೂ ಎದ್ದಿರುವುದಿಲ್ಲ. ಕಣ್ಣು ಬಿಟ್ಟಿರುತ್ತದೆ, ಬೆರಳೂ ಅಲ್ಲಾಡುವುದಿಲ್ಲ, ಎದೆ ಒತ್ತಿದ ಹಾಗೆ, ಕೋಣೆಯಲ್ಲಿ ಯಾರೋ ನಿಂತ ಹಾಗೆ ಅನ್ನಿಸುತ್ತದೆ. ನಿದ್ರಾ ಪಾರ್ಶ್ವವಾಯು ಅನ್ನುತ್ತಾರೆ. ಅಂಗಾತ ಮಲಗಿದಾಗ ಜಾಸ್ತಿ. ಪುಸ್ತಕದಲ್ಲಿ ಆ ದೃಶ್ಯ ಬಂದಾಗಲೆಲ್ಲ ಅವಳು ಸೂರು ನೋಡುತ್ತಾ ಮಲಗಿದ್ದಾಳೆ ಅಂತ ಬರೆದಿದ್ದಾರೆ. ಸುಮ್ನೆ ಬರೆದಿದ್ದಲ್ಲ ಅದು. ನನಗೂ ಇದು ಆಗಿದೆ. ಓದುವಾಗ ಅವರು ಅನುಭವಿಸಿಯೇ ಬರೆದಿದ್ದಾರೆ ಅನ್ನಿಸಿತು.

ಹಗಲುಗೂಬೆ:

ಅಬ್ಬಾ, ಬಾಯ್ಲರ್ ನನಗೆ ಹೊಳೆದೇ ಇರಲಿಲ್ಲ, ಶಾಲೆಯಲ್ಲಿ ತಲೆನೋವು ಕಡಿಮೆಯಾಗುವುದು ಹೌದು. ಆದರೆ ಅರೆನಿದ್ದೆ, ಗ್ಯಾಸು ಪೆನ್ಸಿಲ್ ಹಿಡಿಯುತ್ತದಾ? ಗೆರೆಗಳು ಭ್ರಮೆ ಅಲ್ಲ. ಅವಳ ಗೆಳತಿ ಮನೆಗೆ ಬಂದಾಗ ಅವಳೂ ನೋಡುತ್ತಾಳೆ, ಬೆರಳಿನಿಂದ ಮುಟ್ಟುತ್ತಾಳೆ. ಬೇರೆ ಎಲ್ಲಕ್ಕೂ ನಿಮ್ಮ ಬಾಯ್ಲರ್ ಸಾಕು, ಗೆರೆಗೆ ಸಾಲದು.

ಕೊನೇ ಬೆಂಚು:

ನಮಸ್ತೆ. ನನಗೆ ಹದಿನಾರು, ಈ ಪುಸ್ತಕ ನಮಗಾಗಿ ಬರೆದದ್ದು ಅಂತ ದೊಡ್ಡವರೇ ಮಾತಾಡುತ್ತಿದ್ದೀರಿ, ಅದಕ್ಕೆ ನಡುವೆ ಬಾಯಿ ಹಾಕುತ್ತಿದ್ದೇನೆ.

ಗೆರೆ ಹಾಕಿದ್ದು ತಮ್ಮ. ನನಗೆ ಇದರಲ್ಲಿ ಅನುಮಾನವೇ ಇಲ್ಲ. ಯಾಕೆ ಹೇಳುತ್ತೇನೆ ಕೇಳಿ. ತಮ್ಮ ಎಡಗೈಯವನು. ಎರಡನೇ ಅಧ್ಯಾಯದಲ್ಲಿ ಹೋಮ್‌ವರ್ಕ್ ಮಾಡುವಾಗ ಅವನ ಅಂಗೈ ಅಂಚು ಕಪ್ಪಾಗಿದೆ ಅಂತ ಅಕ್ಕ ಬೈಯುತ್ತಾಳೆ. ಎಡಗೈಯಲ್ಲಿ ಬರೆಯುವವರಿಗೆ ಅದು ಮಾಮೂಲು, ಎಡದಿಂದ ಬಲಕ್ಕೆ ಬರೆಯುತ್ತಾ ಹೋದ ಹಾಗೆ ಕೈ ಈಗಷ್ಟೇ ಬರೆದದ್ದರ ಮೇಲೇ ಜಾರುತ್ತದೆ. ನಾನೂ ಎಡಗೈಯವಳೇ, ನನ್ನ ನೋಟ್‌ಬುಕ್ ನೋಡಿದರೆ ಮಳೆಯಲ್ಲಿ ನೆನೆದ ಹಾಗಿರುತ್ತದೆ. ಈಗ ಚೌಕಟ್ಟಿನ ಮೇಲಿನ ತಾರೀಖುಗಳನ್ನು ಹೇಗೆ ವರ್ಣಿಸಿದ್ದಾರೆ ನೋಡಿ: "ಬಲಕ್ಕೆ ಒರೆಸಿಕೊಂಡು ಹೋದಂತೆ ಮಸುಕು". ಅಕ್ಕ ಅದನ್ನು ಹಳೇದಾದ್ದರಿಂದ ಮಾಸಿದೆ ಅಂದುಕೊಳ್ಳುತ್ತಾಳೆ. ನಾವೂ ಅಂದುಕೊಳ್ಳುತ್ತೇವೆ. ಜೊತೆಗೆ, ಬಂದ ದಿನವೇ ಗೆರೆಗಳಿದ್ದವು ಅಂತ ಎಲ್ಲೂ ಇಲ್ಲ. ಅವಳು ನೋಡುವುದು ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ ಮುಗಿದ ಮೇಲೆ.

ಕೊನೇ ಅಧ್ಯಾಯದ "ನಾನು" ಕೂಡ ಅವನೇ, ದೊಡ್ಡವನಾದ ಮೇಲೆ. ಅಲ್ಲೂ ಅಂಗೈ ಅಂಚಿಗೆ ಶಾಯಿ ಮೆತ್ತಿಕೊಂಡಿದೆ, ಒಂದೇ ಒಂದು ಸಾಲು, ಕಣ್ಣು ತಪ್ಪಿದರೆ ಹೋಯಿತು.

ಕರಿಬೆಕ್ಕು:

ಭಲೇ! ಇದನ್ನು ಒಪ್ಪುತ್ತೇನೆ. ಆದರೆ ಏಳು ವರ್ಷದ ಹುಡುಗ ಹಿಂದಿನ ವರ್ಷಗಳ ತಾರೀಖು ಹಾಕಿ, ಗೆರೆ ಕೆಳಗಿಳಿಸಿ, ಇಷ್ಟೆಲ್ಲ ಯಾಕೆ ಮಾಡುತ್ತಾನೆ? ಇದಕ್ಕೆ ಕಾರಣ ಕೊಡದಿದ್ದರೆ ಮತ್ತೆ ಅದೇ ಕಥೆ, ದೆವ್ವದ ಬದಲು ತಮ್ಮ ಅಷ್ಟೇ.

ಕೊನೇ ಬೆಂಚು:

ತಾರೀಖುಗಳನ್ನು ನೋಡಿ ಸರ್, ಎಲ್ಲವೂ ಒಂದೇ ತಿಂಗಳು, ಒಂದೇ ದಿನ. ಮನೆಗೆ ಬರುವ ಮೊದಲು, ಕಾರಿನಲ್ಲಿ, ತಮ್ಮ "ಅಮ್ಮನ ಬರ್ತ್‌ಡೇ ಈ ವರ್ಷ ಇಲ್ಲವಾ" ಅಂತ ಕೇಳುತ್ತಾನೆ, ಅಪ್ಪ ರೇಡಿಯೋ ಜೋರು ಮಾಡುತ್ತಾನೆ. ಅವನು ಅಳೆಯುತ್ತಿರುವುದು ಮಕ್ಕಳನ್ನಲ್ಲ, ಅಮ್ಮನನ್ನು. ಅಮ್ಮ ವರ್ಷವರ್ಷ ಚಿಕ್ಕದಾಗುತ್ತಾ ಹೋಗುತ್ತಿದ್ದಾಳೆ, ಮುಂದಿನ ವರ್ಷದ ಹೊತ್ತಿಗೆ ಮೊಣಕಾಲು. ನಾಲ್ಕನೇ ತಟ್ಟೆಯೂ ಅವನೇ ಇಡುವುದು. ಇದನ್ನು ಪುಸ್ತಕ ಬಾಯಿಬಿಟ್ಟು ಹೇಳುವುದಿಲ್ಲ, ಯಾಕೆಂದರೆ ಅಕ್ಕನಿಗೆ ಗೊತ್ತಿಲ್ಲ. ಅವಳಿಗೆ ಯಾರೂ ಏನೂ ಹೇಳಿಲ್ಲ. ಅಪ್ಪ ಬಾಗಿಲು ಮುಚ್ಚಿ ಫೋನಿನಲ್ಲಿ ಮಾತಾಡುತ್ತಾನೆ, ಅವಳು ಮೆಟ್ಟಿಲ ಮೇಲೆ ಕೂತು ಅರ್ಧ ವಾಕ್ಯ ಕೇಳಿಸಿಕೊಳ್ಳುತ್ತಾಳೆ. ನಮಗೂ ಆ ಅರ್ಧವೇ ಸಿಗುವುದು.

ನಿಮಗೆ ಗೊಂದಲ ಅನ್ನಿಸಿದ್ದು ನನಗೆ ಮಾಮೂಲು ಅನ್ನಿಸಿತು. ಮನೆಯಲ್ಲಿ ಏನೋ ನಡೆಯುತ್ತಿದೆ, ಕೇಳಿದರೆ "ಏನಿಲ್ಲ, ಓದ್ಕೋ ಹೋಗು" ಅನ್ನುತ್ತಾರೆ. ನಾವು ಸಿಕ್ಕ ಚೂರುಗಳಿಂದ ಊಹೆ ಮಾಡುತ್ತೇವೆ. ಊಹೆ ಯಾವಾಗಲೂ ನಿಜಕ್ಕಿಂತ ಭಯಂಕರವಾಗಿರುತ್ತದೆ. ದೆವ್ವಕ್ಕಿಂತ ನನಗೆ ಹೆದರಿಕೆ ಆಗಿದ್ದು, ಅವಳು ಅಪ್ಪನನ್ನು ಕರೆದುಕೊಂಡು ಬಂದು ಗೆರೆ ತೋರಿಸಿದಾಗ ಅವನು ಗೆರೆ ನೋಡುವುದಿಲ್ಲ, ಅವಳ ಮುಖವನ್ನೇ ನೋಡುತ್ತಾನಲ್ಲ, ಅಲ್ಲಿ.

ಮಡಚಿದ ಪುಟ:

ಕೊನೇ ಬೆಂಚಿನಿಂದ ಬಂದ ಪಾಠ! ಅಮ್ಮನ ಹುಟ್ಟುಹಬ್ಬ ನಾನು ಗಮನಿಸಿಯೇ ಇರಲಿಲ್ಲ.

ಹರೆಯದವರಿಗೆ ಬರೆಯುವ ಹಾರರ್ ದೊಡ್ಡವರ ಹಾರರ್‌ಗಿಂತ ಬೇರೆಯಾಗುವುದು ಇಲ್ಲೇ ಅನ್ನಿಸುತ್ತದೆ. ದೊಡ್ಡವರ ಕಥೆಯಲ್ಲಿ ಮನೆ ಬಿಟ್ಟು ಹೋಗಬಹುದಲ್ಲ ಅಂತ ಓದುಗ ಕೇಳುತ್ತಲೇ ಇರುತ್ತಾನೆ, ಲೇಖಕ ಅದಕ್ಕೊಂದು ನೆಪ ಹುಡುಕಬೇಕು. ಹದಿನೈದರ ಹುಡುಗಿ ಎಲ್ಲಿಗೆ ಹೋಗುತ್ತಾಳೆ? ದುಡ್ಡಿಲ್ಲ, ಕಾರಿಲ್ಲ, ಅವಳ ಮಾತಿಗೆ ಬೆಲೆ ಇಲ್ಲ. ಬೀಗ ಹಾಕುವುದೇ ಬೇಡ. ಜೊತೆಗೆ ಅವಳಿಗೇ ಅವಳ ಮೇಲೆ ಪೂರ್ತಿ ನಂಬಿಕೆ ಇಲ್ಲ. ನಂಬಲಾಗದ ನಿರೂಪಕ ಅನ್ನುವ ಮಾತನ್ನು ವೇಯ್ನ್ ಬೂತ್ ಅನ್ನುವ ವಿಮರ್ಶಕ 1961ರಲ್ಲಿ ಬಳಕೆಗೆ ತಂದದ್ದು, ಆದರೆ ಅಂಥ ನಿರೂಪಕರಲ್ಲಿ ಸುಳ್ಳು ಹೇಳುವವರು ಬೇರೆ, ತಿಳಿಯದೆ ಹೇಳುವವರು ಬೇರೆ. ಈ ಹುಡುಗಿ ಒಂದೇ ಒಂದು ಸುಳ್ಳು ಹೇಳುವುದಿಲ್ಲ. ಕಂಡದ್ದನ್ನು ಕಂಡ ಹಾಗೇ ಹೇಳುತ್ತಾಳೆ, ಅರ್ಥ ಮಾತ್ರ ತಪ್ಪು ಹಚ್ಚುತ್ತಾಳೆ.

ಹಗಲುಗೂಬೆ:

ಸರಿ, ಗೆರೆ, ತಟ್ಟೆ, ಕೊನೇ ಅಧ್ಯಾಯ, ಮೂರಕ್ಕೂ ಉತ್ತರ ಸಿಕ್ಕಿತು. ಮೊದಲ ಮುಕ್ಕಾಲು ಭಾಗದ ಗೊಂದಲ ಬೇಕೆಂದೇ ಮಾಡಿದ್ದು, ಚೆನ್ನಾಗಿ ಮಾಡಿದ್ದು, ಒಪ್ಪಿದೆ. ಆದರೆ ಮುಳುಗಿದ ಊರನ್ನು ಯಾರೂ ಮುಟ್ಟುತ್ತಿಲ್ಲ ಯಾಕೆ? ಕೊನೆಯಲ್ಲಿ ನೀರು ಇಳಿಯುತ್ತದೆ, ಹಳೇ ಗೋಡೆಗಳು ಕಾಣುತ್ತವೆ, ಅವಳು ಕೆಸರಿನಲ್ಲಿ ನಡೆದು ಹೋಗುತ್ತಾಳೆ, ಅಲ್ಲೊಬ್ಬ ಮುದುಕ ಬಂದು ಊರಿನ ಶಾಪದ ಕಥೆಯನ್ನು ಉದ್ದಕ್ಕೆ ಹೇಳುತ್ತಾನೆ, ಆಮೇಲೆ ಆ ಮುದುಕನ ಪತ್ತೆಯೇ ಇಲ್ಲ. ಶಾಪಕ್ಕೂ ಅಮ್ಮನಿಗೂ ಸಂಬಂಧ ಇಲ್ಲ, ಬಾಯ್ಲರ್‌ಗೂ ಇಲ್ಲ, ತಮ್ಮನಿಗೂ ಇಲ್ಲ. ಸುಳಿವು ಮುಚ್ಚಿಡುವುದು ಬೇರೆ, ಸಂಬಂಧವಿಲ್ಲದ್ದನ್ನು ತಂದು ತುರುಕುವುದು ಬೇರೆ. ಮೊದಲನೆಯದನ್ನು ಎರಡನೇ ಸಲ ಓದಿದರೆ ಬಿಚ್ಚಿಕೊಳ್ಳುತ್ತದೆ. ಎರಡನೆಯದನ್ನು ಹತ್ತು ಸಲ ಓದಿದರೂ ಅಷ್ಟೇ. ನನಗೆ ತಲೆ ಗಿರ್ ಅಂದಿದ್ದು ಮುಖ್ಯವಾಗಿ ಆ ಮುದುಕನಿಂದ.

ಅರೆನಿದ್ದೆ:

ಮುದುಕನ ಭಾಗ ನಾನು ಹಾರಿಸಿಕೊಂಡು ಓದಿದೆ, ನಿಜ ಹೇಳಬೇಕೆಂದರೆ. ಹೆದರಿಕೆಯೂ ಅಲ್ಲೇ ಇಳಿದುಹೋಗುತ್ತದೆ, ಅಲ್ವಾ? ಶಾಪ ಅಂದ ಕೂಡಲೇ ನಮಗೆ ಗೊತ್ತಿರುವ ಡಬ್ಬಿಗೆ ಬಿತ್ತು.

ಇಬ್ಬರ ಅಮ್ಮ:

ಎಲ್ಲ ಓದಿದೆ, ನೀವು ಕೊಟ್ಟ ಎಚ್ಚರಿಕೆ ಮೀರಿಯೇ. ಮಗಳಿಗೆ ಹದಿಮೂರು. ಗೆಳತಿಯರೆಲ್ಲ ಓದುತ್ತಿದ್ದಾರೆ, ನನಗೂ ಬೇಕು ಅಂತ ಹಟ. ಕೊಡಬಹುದಾ? ರಾತ್ರಿ ಹೆದರಿ ನನ್ನ ಪಕ್ಕ ಬಂದು ಮಲಗುತ್ತಾಳೆ ಅನ್ನುವುದಕ್ಕಿಂತ, ಅಮ್ಮ ಇಲ್ಲದ ವಿಷಯ ಅವಳ ಮನಸ್ಸಿಗೆ ನಾಟುತ್ತದಾ ಅಂತ ಚಿಂತೆ.

ಮಡಚಿದ ಪುಟ:

ಮೇಡಂ, ಹೆದರಿಕೆ ಎಷ್ಟು ಬೇಕು ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದವರು ಜನ ದುಡ್ಡು ಕೊಟ್ಟು ಹೆದರಲು ಹೋಗುವ ಭೂತದ ಮನೆಯಲ್ಲಿ 110 ಜನರ ಎದೆಬಡಿತ ಅಳೆದು 2020ರಲ್ಲಿ ಪ್ರಕಟಿಸಿದರು. ಹೆದರಿಕೆ ತೀರ ಕಡಿಮೆ ಇದ್ದರೂ ಮಜಾ ಇಲ್ಲ, ತೀರ ಜಾಸ್ತಿ ಆದರೂ ಇಲ್ಲ, ನಡುವೆ ಒಂದು ಹದ ಇದೆ, ಅಲ್ಲಿ ಸಂತೋಷ ಹೆಚ್ಚು. ಪುಸ್ತಕದಲ್ಲಿ ಒಂದು ಅನುಕೂಲ ಏನೆಂದರೆ ಆ ಹದವನ್ನು ಓದುವವರೇ ಇಟ್ಟುಕೊಳ್ಳಬಹುದು. ಜಾಸ್ತಿ ಆಯಿತು ಅಂದರೆ ಮುಚ್ಚಿಡಬಹುದು. ಪರದೆಯ ಮೇಲೆ ಕಣ್ಣು ಮುಚ್ಚಿಕೊಂಡರೂ ಸದ್ದು ಬಿಡುವುದಿಲ್ಲ.

ಅಮ್ಮನ ವಿಷಯಕ್ಕೆ ಮಾತ್ರ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ನೀವು ಮೊದಲು ಓದಿಬಿಡಿ.

ಕೊನೇ ಬೆಂಚು:

ಆಂಟಿ, ಕೊಡಿ. ಆದರೆ ನೀವೂ ಓದಿದ್ದೀರಿ ಅಂತ ಅವಳಿಗೆ ಗೊತ್ತಿರಲಿ, ಕೇಳಬೇಕು ಅನ್ನಿಸಿದಾಗ ಕೇಳುತ್ತಾಳೆ. ನೀವಾಗಿಯೇ ಕೂರಿಸಿ "ಏನು ಅರ್ಥವಾಯಿತು ಹೇಳು" ಅಂತ ಮಾತ್ರ ಕೇಳಬೇಡಿ, ದಯವಿಟ್ಟು. ಮತ್ತೆ ರಾತ್ರಿ ಓದುವುದಾದರೆ ಗೆಳತಿ ಮನೆಗೆ ಬರುವ ಅಧ್ಯಾಯದವರೆಗೆ ಓದಿ ನಿಲ್ಲಿಸಲಿ. ಅದರ ಮುಂದಿನದು ಹಗಲಿಗೆ.

ಇಬ್ಬರ ಅಮ್ಮ:

ಆಯಿತು ಪುಟ್ಟಾ, ಹಾಗೇ ಮಾಡುತ್ತೇನೆ.

ಕರಿಬೆಕ್ಕು:

ಎಲ್ಲ ಬಗೆಹರಿಯಿತು ಅಂತ ಹೊರಡುವ ಮೊದಲು ಒಂದು ಮಾತು. ತಮ್ಮನೇ ಗೆರೆ ಹಾಕಿದ ಅನ್ನುವವರು ಒಂಬತ್ತನೇ ಅಧ್ಯಾಯ ತೆಗೆಯಿರಿ. ಅಪ್ಪ ಚೌಕಟ್ಟಿನ ಹಳೇ ಬಣ್ಣ ಕೆರೆಯುತ್ತಾನೆ. ಹಸಿರು ಬಣ್ಣದ ಕೆಳಗೆ ಬಿಳಿ, ಬಿಳಿಯ ಕೆಳಗೆ ಇನ್ನೊಂದು ಗೆರೆ. ಬಣ್ಣದ ಎರಡು ಪದರದ ಕೆಳಗೆ! ಏಳು ವರ್ಷದ ಹುಡುಗ ಅದನ್ನು ಹೇಗೆ ಹಾಕಿದ? ಬಾಯ್ಲರ್ ಹಾಕಿತಾ?

ಅರೆನಿದ್ದೆ:

ಹಿಂದೆ ಆ ಮನೆಯಲ್ಲಿ ಇದ್ದವರ ಮಕ್ಕಳದ್ದು ಇರಬಹುದು. ಹಳೇ ಮನೆ ತಾನೇ. ತಮ್ಮನಿಗೆ ಈ ಉಪಾಯ ಹೊಳೆದದ್ದೇ ಅಲ್ಲಿಂದ ಇರಬಹುದು.

ಕರಿಬೆಕ್ಕು:

ಬಣ್ಣದ ಕೆಳಗಿದ್ದದ್ದು ಅವನಿಗೆ ಕಂಡದ್ದು ಹೇಗೆ? ಅಪ್ಪ ಕೆರೆಯುವ ಮೊದಲೇ ಇವನ ಗೆರೆಗಳು ಇದ್ದವಲ್ಲ. ಅದೂ ಅಲ್ಲದೆ ಆ ಗೆರೆಯ ಪಕ್ಕದ ತಾರೀಖೂ ಅದೇ ದಿನ, ಅದೇ ತಿಂಗಳು.

ಮಡಚಿದ ಪುಟ:

ತೊದೊರೊವ್ ಹೇಳಿದ ಜಾಗ ಇದೇ. ಬಾಯ್ಲರ್ ದಾರಿ, ತಮ್ಮನ ದಾರಿ ಎರಡೂ ಇಲ್ಲಿಗೆ ಬಂದು ನಿಲ್ಲುತ್ತವೆ. ದೆವ್ವದ ದಾರಿ ಹಿಡಿದರೆ ಅಂಗೈ ಮಸಿ ಉಳಿಯುತ್ತದೆ. ಯಾವ ಕಡೆ ಎಳೆದರೂ ಒಂದು ತುದಿ ಗಿಡ್ಡ. ಇದು ಜೇಮ್ಸ್ ಮಾಡಿದ ಕೆಲಸವೇ. ಹಗಲುಗೂಬೆ, ಇನ್ನೂ ಬರೆದವರಿಗೇ ಕೊನೆ ಗೊತ್ತಿರಲಿಲ್ಲ ಅನ್ನುತ್ತೀರಾ?

ಕೊನೇ ಬೆಂಚು:

ಒಂದು ನಿಮಿಷ. ಪುಸ್ತಕ ಕೈಯಲ್ಲೇ ಇದೆ. ಅಪ್ಪ ಬಣ್ಣ ಕೆರೆಯುವಾಗ ಅಕ್ಕ ಶಾಲೆಯಲ್ಲಿದ್ದಾಳೆ. ಅವಳು ಬರುವಷ್ಟರಲ್ಲಿ ಅಪ್ಪ ಮತ್ತೆ ಬಣ್ಣ ಬಳಿದಾಗಿದೆ. ಎರಡು ಪದರ, ಕೆಳಗಿನ ಗೆರೆ, ತಾರೀಖು, ಇಷ್ಟನ್ನೂ ಅವಳಿಗೆ ಹೇಳುವುದು ತಮ್ಮ. ಅವಳು ಕಣ್ಣಾರೆ ನೋಡಿಲ್ಲ!

ಕರಿಬೆಕ್ಕು:

ಹಾಗಾದರೆ ಅಪ್ಪ ಕೆರೆದು ಮತ್ತೆ ಅದೇ ದಿನ ಬಣ್ಣ ಬಳಿದದ್ದು ಯಾಕೆ? ಗೋಡೆಗೆಲ್ಲ ಬಳಿಯಲಿಲ್ಲ, ಚೌಕಟ್ಟಿಗೆ ಮಾತ್ರ. ಏನನ್ನೋ ಮುಚ್ಚಿದ್ದಾನೆ.

ಹಗಲುಗೂಬೆ:

ಅಪ್ಪನ ಮೇಲೆ ನನಗೂ ಅನುಮಾನ ಇದೆ, ರೇಡಿಯೋ ಜೋರು ಮಾಡಿದಾಗಿನಿಂದ. ಮಡಚಿದ ಪುಟ ಅವರೇ, ನಿಮ್ಮ ಪ್ರಶ್ನೆಗೆ ಉತ್ತರ: ಮನೆಯೊಳಗಿನ ಕಥೆಯ ಕೊನೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ಮುದುಕನನ್ನು ಯಾರೋ ಹೇಳಿದರು ಅಂತ ಸೇರಿಸಿದ್ದಾರೆ, ಪುಸ್ತಕ ತೆಳ್ಳಗಾಯಿತು ಅಂತಲೋ ಏನೋ. ಅವನನ್ನು ಕಿತ್ತು ಹಾಕಿದರೆ ಒಂದು ಎಳೆಯೂ ಕಡಿಯುವುದಿಲ್ಲ, ನೀವೇ ಹಾಕಿ ನೋಡಿ. ಮನೆಗೆ ನಾಲ್ಕೂವರೆ ನಕ್ಷತ್ರ, ಊರಿಗೆ ಒಂದು. ಕರಿಬೆಕ್ಕು, ಅಪ್ಪನ ಫೋನ್ ಮಾತುಗಳನ್ನೆಲ್ಲ ಒಂದು ಕಡೆ ಬರೆದು ಹಾಕುತ್ತೀರಾ? ಅರ್ಧ ವಾಕ್ಯಗಳನ್ನು ಜೋಡಿಸಿ ನೋಡೋಣ.